ಟೆಂಟಿನ ದೇವಿಗೆ ಇಟ್ಟ ಎಸಳು

ದೇವರ ಸಿನಿಮಾ ಹಾಕಿದ ಕಡೆಯಲ್ಲೆಲ್ಲ ಪರದೆಯ ಮೇಲೊಂದು ಕಥೆ, ಪರದೆಯ ಮುಂದೆ ಇನ್ನೊಂದು ಕಥೆ ನಡೆಯುವುದು ತಪ್ಪಿದ್ದಲ್ಲ. ಐವತ್ತರ ದಶಕದ ಕೊನೆಯಲ್ಲಿ ನಾನು ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದೆ. ಯಜಮಾನರು ಶಿಕಾರಿಪುರದ ಒಬ್ಬ ಸಾಬರು. ಒಂದು ಬೇಸಿಗೆ ಪೂರ್ತಿ ನಮ್ಮ ಟೆಂಟಿನಲ್ಲಿ ಒಂದೇ ದೇವಿಯ ಚಿತ್ರ. ಪ್ರೊಜೆಕ್ಟರಿನ ಬೆಳಕಿನಲ್ಲಿ ಬೀಡಿ ಹೊಗೆಯೂ ಊದುಬತ್ತಿ ಹೊಗೆಯೂ ಒಟ್ಟಿಗೆ ತೇಲುತ್ತಿದ್ದವು. ಅದನ್ನು ನೋಡುತ್ತ ನಾನು ಕಣ್ಣು ಬಿಟ್ಟುಕೊಂಡೇ ಎಷ್ಟೋ ಕನಸು ಕಂಡಿದ್ದೇನೆ.

೧. ಕಣ್ಣು ಬಿಟ್ಟ ದೇವಿ

ಶಿಕಾರಿಪುರದಲ್ಲಿ ಜನ ಯಾರೂ ಹೇಳದೆಯೇ ಚಪ್ಪಲಿ ಹೊರಗೆ ಬಿಟ್ಟು ಬಂದರು. ಆಟ ಮುಗಿದಾಗ ಒಬ್ಬರ ಹೊಸ ಜೋಡು ಮಾಯ. ಅವರು ನೇರ ನನ್ನ ಹತ್ತಿರ ಬಂದರು.

"ಆ ತಾಯಿ ಸಿಟ್ಟಿಲೆ ಬಾಗಿಲ ಕಡೆ ಕಣ್ಣು ಬಿಟ್ಟಳಲ್ಲ, ಅಷ್ಟು ಇನ್ನೊಮ್ಮೆ ಹಾಕ್ರೀ."

"ಯಾಕ್ರೀ?"

"ಕಳ್ಳ ಬಂದಿದ್ದು ಆವಾಗಲೇ. ಯಾವ ಕಡೆ ಓಡಿದ ಅಂತ ಅವಳ ಕಣ್ಣು ನೋಡಿದ್ರೆ ಗೊತ್ತಾಗ್ತದ."

೨. ದೀಪ ಹಾಕಿದಾಗ

ನಮ್ಮಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರು. ಒಂದು ರೀಲು ಮುಗಿದರೆ ದೀಪ ಹಾಕಿ ಇನ್ನೊಂದನ್ನು ಏರಿಸಬೇಕು. ಅಂದು ದೇವಿ ಕುರುಡ ಭಕ್ತನಿಗೆ ಇನ್ನೇನು ಕಣ್ಣು ಕೊಡಬೇಕು, ರೀಲು ಮುಗಿಯಿತು. ಜನ ಕೂಗಾಡಿದರು. ಈಸೂರಿನ ರೈತರೊಬ್ಬರು ಎದ್ದು ನಿಂತು ಗದರಿದರು.

"ಗುಡಿಯಾಗ ಅಲಂಕಾರ ಮಾಡೋವಾಗ ಪೂಜಾರಿ ಪರದೆ ಎಳೆಯೂದಿಲ್ಲೇನ್ರೀ? ತಾಯಿ ಸೀರೆ ಬದಲಾಯಿಸ್ತಿದ್ದಾಳ. ಸುಮ್ನೆ ಕುಂದ್ರಿ!"

ಟೆಂಟಿಗೆ ಟೆಂಟೇ ಕೈ ಮುಗಿದು ಕೂತಿತು. ಬರೀ ಬಿಳಿ ಬಟ್ಟೆಯನ್ನು ಅಷ್ಟು ಜನ ಅಷ್ಟು ಆಸೆಯಿಂದ ನೋಡಿದ್ದು ನೆನೆದರೆ ಈಗಲೂ ಮನಸ್ಸು ಎಲ್ಲೋ ಹೋಗುತ್ತದೆ.

ಮುಂದಿನ ರೀಲಿನಲ್ಲಿ ದೇವಿ ನಿಜಕ್ಕೂ ಬೇರೆ ಸೀರೆ ಉಟ್ಟು ಬಂದಳು. ಆ ರೈತರು ಪರದೆ ನೋಡುವುದನ್ನು ಬಿಟ್ಟು, ಕೂಗಾಡಿದವರ ಕಡೆ ತಿರುಗಿ ಮೀಸೆ ತಿರುವುತ್ತ ಕೂತರು.

೩. ಪ್ರಸಾದ ಕೊಟ್ಟವರು ಯಾರು?

ಸೊರಬಕ್ಕೆ ಹೋದೆವು. ಅಲ್ಲಿನ ಪಟೇಲರೊಬ್ಬರು ಟೆಂಟಿಗೆ ಬಂದು ಎಗರಾಡಿದರು.

"ಹೋದ ತಿಂಗಳು ಬೇರೆ ಟೆಂಟಿನ ಸಿನಿಮಾದಾಗೆ ಇದೇ ಹೆಂಗಸು ರಾಜನ ಮುಂದೆ ಕುಣಿದಿದ್ಲು. ಅವಳಿಗೆ ಆರತಿ ಎತ್ತೋದಾ? ಅಮಲ್ದಾರರಿಗೆ ಹೇಳಿ ಟೆಂಟು ಕೀಳಿಸ್ತೀನಿ!"

ಸಾಬರ ಮುಖ ಬಿಳುಚಿತು. ಟೆಂಟು ಕಿತ್ತರೆ ನಮ್ಮೆಲ್ಲರ ಅನ್ನ ಹೋದ ಹಾಗೆ.

ಕಾಪಾಡಿದವರು ಪಟೇಲರ ತಾಯಿ. ಆ ಮುದುಕಮ್ಮ ದಿನಾ ಮೊದಲ ಸಾಲಿನಲ್ಲಿ ಕೂತು, ಸೆರಗು ಒದ್ದೆಯಾಗುವ ತನಕ ಅಳುತ್ತಿದ್ದರು.

"ಅವಳು ದೇವಿ ಹೌದೋ ಅಲ್ವೋ ನೀನ್ಯಾಕೆ ಹೇಳ್ತಿ ಮಗಾ? ಟೆಂಟು ಇರ್ಲೋ ಬೇಡ್ವೋ ಅಂತ ಅವಳನ್ನೇ ಕೇಳಾಣ."

ನಮ್ಮ ಕಡೆ ಹಾಗೆ ದೇವರಲ್ಲಿ ಪ್ರಸಾದ ಕೇಳುವ ಪದ್ಧತಿ ಉಂಟು. ಒದ್ದೆ ಹೂವಿನ ಎಸಳನ್ನು ವಿಗ್ರಹಕ್ಕೆ ಅಂಟಿಸುವುದು; ದೇವರ ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡ. ತಾಯಿಯ ಮಾತು ಮೀರಲಾರದೆ ಪಟೇಲರು ಒಪ್ಪಿದರು.

ಸಂಜೆಯ ಆಟ. ದೇವಿ ಕೈ ಎತ್ತಿ ಅಭಯ ಕೊಡುವ ಹೊತ್ತಿಗೆ ಮುದುಕಮ್ಮ ಕುರ್ಚಿ ಹತ್ತಿ, ಅವಳ ಮಡಿಲಿನ ಹತ್ತಿರ ದಾಸವಾಳದ ಎಸಳು ಅಂಟಿಸಿ ಇಳಿದರು. ದೇವಿ ನಗುತ್ತ ನಿಂತಿದ್ದಾಳೆ. ಎಸಳು ಅಲ್ಲಾಡಲಿಲ್ಲ. ಸಾಬರು ನನ್ನ ಕಡೆ ಓಡಿ ಬಂದರು.

"ಅವಳನ್ನ ಹಂಗೇ ನಿಲ್ಸೋ ಮಾರಾಯಾ!"

"ನಿಲ್ಸಿದ್ರೆ ರೀಲು ಸುಟ್ಟು ಹೋಗ್ತದೆ ಸಾಬ್ರೇ!"

ದೇವಿ ಹೋದಳು. ಅದೇ ಜಾಗಕ್ಕೆ ರಾಕ್ಷಸ ಬಂದು ನಿಂತು, ಹೊಟ್ಟೆ ಕುಲುಕಿಸಿ ಗಹಗಹಿಸಿ ನಕ್ಕ. ಎಸಳು ನಿಧಾನವಾಗಿ ಜಾರಿ, ಗಾಳಿಯಲ್ಲಿ ತೇಲಿ, ಅವನ ಬಲಕ್ಕೆ ಬಿತ್ತು.

ಪಟೇಲರು ಜಿಗಿದೆದ್ದರು. "ಅವ್ವಾ, ಪ್ರಸಾದ ಕೊಟ್ಟವನು ರಾಕ್ಷಸ!"

"ಬಲಕ್ಕೆ ಬಿತ್ತೋ ಇಲ್ವೋ? ಸಾಯೋ ಮುಂಚೆ ಒಂದು ಒಳ್ಳೇ ಕೆಲಸ ಮಾಡ್ದ, ಪಾಪ. ಕೂತ್ಕೋ."

ಪಟೇಲರು ಕೂತರು. ಟೆಂಟು ಉಳಿಯಿತು. ನಾನೂ ಸಾಬರೂ ಕಣ್ಣೊರೆಸಿಕೊಂಡೆವು.

ಕೊನೆಯ ರೀಲಿನಲ್ಲಿ ದೇವಿ ತ್ರಿಶೂಲ ಎತ್ತಿದಳು. ಮೊದಲ ಸಾಲಿನಿಂದ ಮುದುಕಮ್ಮನ ದನಿ ಕೇಳಿತು:

"ತಾಯೀ, ಸ್ವಲ್ಪ ಮೆತ್ತಗೆ ಚುಚ್ಚು! ಅವನು ನಮ್ಮ ಕಡೆಯವನು!"