ಫ್ರೀಜರಿನಲ್ಲೊಂದು ಉತ್ತರ ಧ್ರುವ

ಜಗಳ ಬಿಡಿಸುವ ಚಟವೂ ಒಂದು ಕಾಯಿಲೆಯೇ. ಸಿಗರೇಟಿನ ಚಟದವನು ತನ್ನ ಎದೆಗೂಡನ್ನಷ್ಟೇ ಹಾಳುಮಾಡಿಕೊಂಡಾನು. ನನ್ನಂಥವನು ಇಲ್ಲದ ಜಗಳವನ್ನು ಹುಟ್ಟಿಸಿ, ಆಮೇಲೆ ಅದನ್ನು ಬಿಡಿಸಲು ಪಂಚೆ ಎತ್ತಿ ಕಟ್ಟಿ ನಿಲ್ಲುತ್ತಾನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಮಸ್ಕತ್ತಿನ ರೂವಿಯಲ್ಲಿದ್ದೆವು. ಒಂದೇ ಫ್ಲ್ಯಾಟನ್ನು ಎರಡು ಸಂಸಾರ ಹಂಚಿಕೊಳ್ಳುವುದು ಅಲ್ಲಿ ರೂಢಿ. ಮೈಸೂರಿನ ಸಸ್ಯಾಹಾರಿಗಳಾದ ನಾವು ಒಂದು ಕೋಣೆಯಲ್ಲಿ, ಉಡುಪಿ ಕಡೆಯ ಫೆಲಿಕ್ಸ್ ಮತ್ತು ಅವರ ಹೆಂಡತಿ ಗ್ರೇಸಿಬಾಯಿ ಇನ್ನೊಂದರಲ್ಲಿ. ಅಡುಗೆಮನೆ ಒಂದೇ, ಫ್ರಿಜ್ಜೂ ಒಂದೇ. ಅದರ ಫ್ರೀಜರಿನಲ್ಲಿ ಗ್ರೇಸಿಬಾಯಿಯ ಬಂಗುಡೆ ಮೀನು, ನನ್ನ ಹೆಂಡತಿ ಸುಮಾಳ ತೆಂಗಿನ ತುರಿ, ವರ್ಷಕ್ಕಾಗುವಷ್ಟು ಊರಿಂದ ಹೊತ್ತು ತಂದ ನನ್ನ ಕಾಫಿಪುಡಿ, ಮೂರೂ ಮೈಮೇಲೆ ಮೈ ಹಾಕಿಕೊಂಡು ಸುಖವಾಗಿದ್ದವು. ಸುಮಾ ಎಡಗೈಯಲ್ಲಿ ಬಂಗುಡೆಯ ಪೊಟ್ಟಣ ಸರಿಸಿ, ಬಲಗೈಯಲ್ಲಿ ತುರಿ ತೆಗೆಯುತ್ತಿದ್ದಳು. ದೇವರಿಗೂ ತಕರಾರಿರಲಿಲ್ಲ.

ಅಷ್ಟರಲ್ಲಿ ಮಗಳು ಅನುವಿನ ಶಾಲೆಯಲ್ಲಿ ಮಕ್ಕಳದೇ ಒಂದು ಅಂತರರಾಷ್ಟ್ರೀಯ ಸಭೆ ಏರ್ಪಟ್ಟಿತು. ವಿಷಯ, ಉತ್ತರ ಧ್ರುವದಲ್ಲಿ ಸಹಕಾರ. ಅನು ನಾರ್ವೆಯ ಪ್ರತಿನಿಧಿ. ಬಿಸಿಲಿಗೆ ಕಾರಿನ ಸ್ಟೇರಿಂಗ್ ಮುಟ್ಟಲಾಗದ ಊರಿನಲ್ಲಿ ಕೂತು ನಾನು ಹಿಮದ ರಾಜಕೀಯ ಓದಿ ಅವಳಿಗೆ ಹೇಳಿಕೊಡತೊಡಗಿದೆ. ಧ್ರುವದ ಸುತ್ತಲಿನ ಎಂಟು ದೇಶಗಳು ಒಂದೇ ಮೇಜಿನ ಸುತ್ತ ಕೂತು ಮಾತಾಡಿಕೊಳ್ಳುತ್ತವಂತೆ; ಆ ಹಿಮದಲ್ಲಿ ಪಾಲಿಲ್ಲದ ದೇಶಗಳು ಬದಿಯಲ್ಲಿ ಕೂತು ನೋಡಬಹುದಂತೆ, ತೀರ್ಮಾನದಲ್ಲಿ ಮಾತ್ರ ಕೈಯಿಲ್ಲವಂತೆ. ಇದೆಲ್ಲ ನನ್ನ ತಲೆಗೇರಿತು. ನೀರಿಗೆಂದು ಫ್ರಿಜ್ ತೆಗೆದರೆ ಮೇಲೆ ಫ್ರೀಜರಿನಲ್ಲಿ ಸಾಕ್ಷಾತ್ ಧ್ರುವಪ್ರದೇಶ! ಗಡಿಯಿಲ್ಲ, ಒಪ್ಪಂದವಿಲ್ಲ, ಎಂಥ ಅರಾಜಕತೆ! ಅನುವಿನ ಮರದ ಸ್ಕೇಲನ್ನು ತಂದು ಹಿಮದ ನಟ್ಟನಡುವೆ ಊರಿದೆ. ಎಡಕ್ಕೆ ಮೀನು, ಬಲಕ್ಕೆ ತುರಿ ಮತ್ತು ಕಾಫಿ.

ಸಂಜೆ ಗ್ರೇಸಿಬಾಯಿ ಅದನ್ನು ನೋಡಿದರು. ಮುಖ ಸಪ್ಪಗಾಯಿತು. "ನಮ್ಮ ಮೀನು ನಿಮಗೆ ಇಷ್ಟು ತೊಂದ್ರೆ ಆಗ್ತಿತ್ತಾ ಮಾರಾಯ್ರೆ? ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ. ನಾವು ಬೇರೆ ಮನೆ ನೋಡ್ತೇವೆ," ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸುಮಾ ಜ್ವರದಲ್ಲಿ ಮಲಗಿದ್ದಾಗ ಗಂಜಿ ಕಾಯಿಸಿ ಕುಡಿಸಿದವರು ಅವರು. ಆ ದೇಶದಲ್ಲಿ ನಮ್ಮ ಬಂಧುಬಳಗವೆಲ್ಲ ಇದ್ದದ್ದು ಆ ಒಂದು ಕೋಣೆಯಲ್ಲಿ.

"ಅದು ಮೀನಿನ ವಿರುದ್ಧ ಅಲ್ಲ, ಸಹಕಾರದ ದೃಷ್ಟಿಯಿಂದ..." ಎಂದು ಮುಚ್ಚಿದ ಬಾಗಿಲಿಗೆ ವಿವರಿಸಿದೆ. ಫೆಲಿಕ್ಸ್ ಇಣುಕಿ, "ಖಲಾಸ್ ಸರ್, ಸಾಕು. ನೀವು ಹೇಳಿದಷ್ಟೂ ಅವಳಿಗೆ ಬೇಜಾರು ಜಾಸ್ತಿ ಆಗ್ತದೆ," ಎಂದರು. "ಇದ್ದ ಒಬ್ಬ ಅಕ್ಕನ್ನೂ ಓಡಿಸ್ತಿದೀರಲ್ಲ ರೀ!" ಎಂದು ಸುಮಾ ಕಣ್ಣೊರೆಸಿಕೊಂಡು ಆ ಕೋಣೆಗೆ ಹೋದಳು. ಬಹಳ ಹೊತ್ತು ಪಿಸುಮಾತು. ಆಮೇಲೆ ನಗು. ಅದನ್ನು ಕೇಳಿ ನನಗೆ ಸಮಾಧಾನವೂ ಆಯಿತು, ಸ್ವಲ್ಪ ಭಯವೂ ಆಯಿತು.

ಇಬ್ಬರೂ ಹೊರಬಂದು ಸ್ಕೇಲನ್ನು ಕಿತ್ತರು. ಬಂಗುಡೆಯೂ ತುರಿಯೂ ಮತ್ತೆ ಒಂದಾದವು. "ಜಾಗಕ್ಕೆ ತಾನೇ ನಿಮ್ಮ ಗಡಿಬಿಡಿ? ಈ ಕಾಫಿಪುಡಿ ತೆಗೆದ್ರೆ ಬೇಕಾದಷ್ಟಾಗತ್ತೆ," ಎಂದಳು ಸುಮಾ. "ಅದು ಹೌದು," ಎಂದರು ಗ್ರೇಸಿಬಾಯಿ. ನನ್ನ ಕಾಫಿ ಅಟ್ಟಕ್ಕೆ ಹೋಯಿತು. ಆ ಸೆಕೆಯಲ್ಲಿ ಅದರ ಘಮ ವಾರ ಬದುಕಿದರೆ ಹೆಚ್ಚು.

ಪ್ರತಿಭಟಿಸಲು ಬಾಯಿ ತೆರೆದೆ. ಭಾಷಣ ಉರುಹೊಡೆಯುತ್ತಿದ್ದ ಅನು ತಲೆಯೆತ್ತದೆ ಹೇಳಿದಳು: "ಅಪ್ಪಾ, ಯು ಹ್ಯಾವ್ ನೋ ಐಸ್ ನೌ. ಸೈಡಲ್ಲಿ ಕೂತು ನೋಡ್ಬೋದು, ಅಷ್ಟೆ."

ಬದಿಯ ಕುರ್ಚಿಯಲ್ಲಿ ಕೂತೆ. ಗ್ರೇಸಿಬಾಯಿ ನಗುತ್ತ ಒಂದು ಲೋಟ ಟೀ ತಂದು ಕೈಗಿತ್ತರು. ಜನ್ಮದಲ್ಲಿ ಟೀ ಮುಟ್ಟದವನು ಕುಡಿದು, "ಚೆನ್ನಾಗಿದೆ," ಎಂದೆ.