ಬಿಸಿನೀರಿನ ಮೇಲೊಂದು ಪ್ಯಾರಾ

ಪ್ಯಾರಾ ಬರೆಯುವ ವಿದ್ಯೆ ಕಲಿಸುವ ಅಧ್ಯಾಪಕಿಯವರ ಸನ್ನಿಧಿಗೆ,

ಮಾನ್ಯರೇ,

ಕಾಲೇಜಿನ ಮಕ್ಕಳಿಗೆ ಅಚ್ಚುಕಟ್ಟಾದ ಒಂದು ಪ್ಯಾರಾ ಬರೆಯುವುದನ್ನು ಕಲಿಸಿ ತಾವು ವಿದ್ಯಾಲೋಕಕ್ಕೆ ಮಾಡುತ್ತಿರುವ ಮಹದುಪಕಾರಕ್ಕೆ, ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆದ ನಾನು ತಣ್ಣೀರಿನಲ್ಲಿ ಮಿಂದು, ನಡುಗುವ ಕೈಗಳನ್ನು ಜೋಡಿಸಿ ನಮಸ್ಕರಿಸುತ್ತೇನೆ. ನಡುಕಕ್ಕೆ ಕಾರಣವೂ ತಾವೇ.

ಮೊದಲೆಲ್ಲ ನಮ್ಮಲ್ಲಿ ದೂರು ಬರೆಯುವುದೆಂದರೆ ಅದರ ಸೊಗಸೇ ಬೇರೆ. ಹುಡುಗಿಯರು ‘ನೀರು ಜೀವಾಮೃತ’ ಎಂದು ಶುರುಮಾಡಿ, ನಾಗರಿಕತೆಗಳ ಉಗಮವನ್ನು ಹಾದು, ಅಮ್ಮನನ್ನು ನೆನೆದು ಕಣ್ಣೀರಿಟ್ಟು, ಪಕ್ಕದ ಮಂಚದವಳ ಗೊರಕೆಯನ್ನೂ ಸೇರಿಸಿ, ಕೊನೆಗೆ ಕೇಳಬೇಕಾದದ್ದನ್ನೇ ಮರೆತು ಸಹಿ ಹಾಕುತ್ತಿದ್ದರು. ನಾನೂ ಅಷ್ಟೇ ಅಕ್ಕರೆಯಿಂದ ‘ಪರಿಶೀಲಿಸಲಾಗುವುದು’ ಎಂದು ಬರೆದು ಬೀರುವಿಗೆ ಸೇರಿಸುತ್ತಿದ್ದೆ. ಯಾರಿಗೂ ಬೇಸರವಿರಲಿಲ್ಲ. ಬಿಸಿನೀರೂ ಇರಲಿಲ್ಲ, ಅದು ಬೇರೆ ಮಾತು.

ನಮ್ಮಲ್ಲೊಬ್ಬಳು ಹುಡುಗಿಯಿದ್ದಾಳೆ. ಅವಳ ದನಿ ಕೇಳಿದವರೇ ಕಡಿಮೆಯಾದ್ದರಿಂದ ಎಲ್ಲರೂ ‘ಪಿಸುಮಾತು’ ಎಂದೇ ಕರೆಯುತ್ತಾರೆ. ತಮ್ಮ ತರಗತಿಗೆ ಬರತೊಡಗಿದ ಮೇಲೆ ಅವಳು ಪ್ರಾಂಶುಪಾಲರಿಗೆ ಒಂದೇ ಒಂದು ಪ್ಯಾರಾ ಬರೆದಳು. ಮೊದಲ ವಾಕ್ಯ: ‘ಹಾಸ್ಟೆಲಿನ ಬಿಸಿನೀರು ವಾರ್ಡನ್ ಅವರ ಮನೆಗೆ ಹೋಗುತ್ತಿದೆ.’ ಒಂದು ಪೀಠಿಕೆಯಾದರೂ ಬೇಡವೇ, ಮೇಡಂ? ಬಾಗಿಲು ತಟ್ಟದೆ ಹೀಗೆ ಒಳಗೆ ನುಗ್ಗುವುದು ಯಾವ ಮರ್ಯಾದೆ? ಅದರ ಬೆನ್ನಿಗೇ ಪುರಾವೆ: ಬಾಯ್ಲರಿನಿಂದ ನಮ್ಮ ಮನೆಗೆ ತಿರುಗಿದ ಪೈಪು ಸುಡುತ್ತದೆ, ಹುಡುಗಿಯರ ಬಚ್ಚಲಿಗೆ ತಿರುಗಿದ್ದು ತಣ್ಣಗಿದೆ, ನನ್ನ ಯಜಮಾನರು ಹಾಡಿಕೊಂಡು ಮೀಯುವಷ್ಟು ಹೊತ್ತೂ ನಮ್ಮ ಕಿಟಕಿಯಿಂದ ಹಬೆ ಬರುತ್ತದೆ. ಆಮೇಲೆ, ‘ಬಾಯ್ಲರ್ ಹಳೆಯದು ಎಂದು ವಾರ್ಡನ್ ಹೇಳಬಹುದು, ಆದರೆ ಒಂದೇ ಬಾಯ್ಲರ್ ನಮಗೆ ಹಳೆಯದಾಗಿ ಅವರಿಗೆ ಮಾತ್ರ ಹೊಸದಾಗಿರಲಾರದು.’ ನಾನು ಹೇಳಬೇಕೆಂದಿದ್ದ ಮಾತನ್ನು ಅವಳೇ ಹೇಳಿ, ಉತ್ತರವನ್ನೂ ಅವಳೇ ಕೊಟ್ಟರೆ ನನಗೆ ಉಳಿದದ್ದೇನು? ಕೊನೆಯ ವಾಕ್ಯ: ‘ಆದ್ದರಿಂದ ತಾವೇ ಬಂದು ಆ ಪೈಪನ್ನು ಮುಟ್ಟಿ ನೋಡಬೇಕು.’

ಪ್ರಾಂಶುಪಾಲರು ಓದಿದವರೇ ನೆಟ್ಟಗೆ ಬಂದು ನಮ್ಮ ಪೈಪಿನ ಮೇಲೆ ಕೈಯಿಟ್ಟರು. ಇಟ್ಟಷ್ಟೇ ಬೇಗ ತೆಗೆದರು. ಸಂಜೆಯೊಳಗೆ ಪ್ಲಂಬರ್ ಬಂದು ನಮ್ಮ ಮನೆಗೆ ತಿರುಗಿದ ಪೈಪನ್ನು ಮುಚ್ಚಿಯೇಬಿಟ್ಟ. ನಾನೂ ಸುಮ್ಮನೆ ಕೂರಲಿಲ್ಲ. ಮಾನವನ ಇತಿಹಾಸದಲ್ಲಿ ನೀರಿನ ಪಾತ್ರದಿಂದ ಆರಂಭಿಸಿ ಹಾಳೆಗಟ್ಟಲೆ ಸಮಜಾಯಿಷಿ ಬರೆದೆ. ‘ವಿಷಯ ಏನು?’ ಎಂಬ ಷರಾದೊಡನೆ ಅದು ವಾಪಸು ಬಂತು. ಅದನ್ನೂ ಅವಳ ಪ್ಯಾರಾವನ್ನೂ ಯಜಮಾನರಿಗೆ ತೋರಿಸಿದರೆ, ಹಲ್ಲು ಕಟಕಟ ಎನ್ನುತ್ತಿದ್ದರೂ ಅವರೆಂದದ್ದು: “ಆ ಹುಡುಗಿ ಬರ್ದಿದ್ರಲ್ಲಿ ಸುಳ್ಳೇನಿದೆ ಹೇಳು? ನಂಗೂ ಅರ್ಥ ಆಯ್ತು.” ಮದುವೆಯಾದಾಗಿನಿಂದ ನನ್ನ ಒಂದು ಮಾತೂ ಅರ್ಥವಾಗದ ಮನುಷ್ಯನಿಗೆ ಅದು ಅರ್ಥವಾಯಿತು!

ಮರುದಿನ ಬೆಳಿಗ್ಗೆ ಹುಡುಗಿಯರು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ನಗುತ್ತ ಮೆಟ್ಟಿಲಿಳಿದು ಬಂದರು. ಪಿಸುಮಾತು ನನ್ನೆದುರು ನಿಂತು, ಮಹಡಿಗೆಲ್ಲ ಕೇಳುವಂತೆ, “ಬಿಸಿನೀರು ಬಂತು ಮೇಡಂ, ಥ್ಯಾಂಕ್ಸ್” ಎಂದಳು. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು, “ಪರಿಶೀಲಿಸ್ತೀನಿ.”

ಈಗ ನನ್ನ ಅರಿಕೆ. ವಿಷಯವಾಕ್ಯವನ್ನು ಪ್ಯಾರಾದ ಮೊದಲಿಗೆ ಇಡುವ ಬದಲು ಮುಂದಿನ ವರ್ಷದ ಯಾವುದಾದರೊಂದು ಪ್ಯಾರಾದಲ್ಲಿ ಇಡುವಂತೆಯೂ, ಪುರಾವೆಗಳನ್ನು ಸತ್ತ ರಾಜರ ಮೇಲೆ ಮಾತ್ರ ಪ್ರಯೋಗಿಸುವಂತೆಯೂ, ‘ಆದ್ದರಿಂದ’ ಎಂಬ ಪದವನ್ನು ಹಾಸ್ಟೆಲಿನ ಆವರಣದೊಳಗೆ ವಾರ್ಡನ್ ಅನುಮತಿಯಿಲ್ಲದೆ ಬಳಸದಂತೆಯೂ ಮಕ್ಕಳಿಗೆ ಬುದ್ಧಿ ಹೇಳಬೇಕಾಗಿ ವಿನಂತಿ. ಶಿಕ್ಷಣವು ಬದುಕಿಗೆ ಉಪಯೋಗವಾಗಬೇಕೆಂದು ನಾನೂ ವಾರ್ಷಿಕೋತ್ಸವಗಳಲ್ಲಿ ಭಾಷಣ ಮಾಡಿದವಳೇ. ಇಷ್ಟು ಉಪಯೋಗವಾಗಬೇಕೆಂದು ಎಂದೂ ಹೇಳಿರಲಿಲ್ಲ.

ತಮ್ಮ ವಿಶ್ವಾಸಿ,
ಹಾಸ್ಟೆಲಿನ ವಾರ್ಡನ್ (ಸದ್ಯಕ್ಕೆ)

ಬರೆಯಲು ಮರೆತದ್ದು: ಮುಂದಿನ ತಿಂಗಳು ತಾವು ಹಲವು ಪ್ಯಾರಾಗಳನ್ನು ಜೋಡಿಸಿ ಪ್ರಬಂಧ ಬರೆಯುವುದನ್ನು ಕಲಿಸುವಿರೆಂದು ಕೇಳಿದೆ. ನಮ್ಮ ಅಡುಗೆಮನೆಯ ಗುತ್ತಿಗೆ ಹಿಡಿದಿರುವ ನನ್ನ ತಮ್ಮನೂ ಕೇಳಿಸಿಕೊಂಡ. ಪಾಠ ಯಾವ ದಿನ ಶುರುವಾಗುತ್ತದೆಂದು ದಯವಿಟ್ಟು ತಿಳಿಸಿ. ಅವನು ಅದಕ್ಕೂ ಮೊದಲೇ ಊರು ಬಿಡಬೇಕಂತೆ.