ಎಚ್ಚರಿಕೆ ಸಾಹೇಬರ ಆರನೆಯ ನಿಯಮ

ಊರಿಗೆಲ್ಲ ಬುದ್ಧಿ ಹೇಳುವವರ ಮನೆಯ ಅಟ್ಟಕ್ಕೆ ವರ್ಷಕ್ಕೊಮ್ಮೆ ಸರ್ಕಾರವೇ ಏಣಿ ಹಾಕಿ ತಪಾಸಣೆ ಮಾಡಬೇಕು. ಅರ್ಧಕ್ಕರ್ಧ ಉಪದೇಶ ಅಲ್ಲಿಗೇ ನಿಂತೀತು. ಎಚ್ಚರಿಕೆ ಸಾಹೇಬರ ಅಟ್ಟದಲ್ಲಿ, ಹಳೆಯ ಸೂಟ್‌ಕೇಸಿನೊಳಗೆ, ಕಂಬಳಿ ಹೊದ್ದು ಒಂದು ಬಾಟಲಿ ಮಲಗಿತ್ತು.

ಸಾಹೇಬರು ಕಾರ್ಖಾನೆಯೊಂದರ ಸುರಕ್ಷತಾಧಿಕಾರಿ. (‘ಎಚ್ಚರಿಕೆ’ ಎಂಬ ಬಿರುದು ಕಾರ್ಮಿಕರು ಕೊಟ್ಟದ್ದು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿದೆ.) ಅವರು ರಚಿಸಿದ ಆರು ನಿಯಮಗಳು ಕಾರ್ಖಾನೆಯ ಗೋಡೆಯ ಮೇಲೂ ಇವೆ, ಮನೆಯ ಬಾಗಿಲ ಹಿಂದೆಯೂ ಇವೆ. ಸುಟ್ಟ ವಾಸನೆ ಬಂದರೆ ಮೈನ್ ಸ್ವಿಚ್ ಆರಿಸಿ, ಹಿರಿಯರನ್ನು ಕೆಳಗಿಳಿಸಿ, ನೆರೆಯವರನ್ನು ಕೂಗಿ, ಹೀಗೆ. ಅವರಿಗೆ ಪ್ರಾಣವಾದದ್ದು ಆರನೆಯದು: ಅನಾಹುತಕ್ಕೆ ಕಾರಣನಾದವನು ಸ್ಟೂಲು ಹತ್ತಿ, ಎಲ್ಲರೆದುರು ತನ್ನ ತಪ್ಪನ್ನು ಗಟ್ಟಿಯಾಗಿ ಹೇಳಬೇಕು. ಮೂವತ್ತು ವರ್ಷ ದುಡಿದು, ಮೊಮ್ಮಕ್ಕಳನ್ನು ಕಂಡ ಕೆಲಸಗಾರನನ್ನೂ ಅವರು ಸ್ಟೂಲು ಹತ್ತಿಸಿದ್ದುಂಟು. ಆತ ತಲೆ ತಗ್ಗಿಸಿ ಗೊಣಗಿದರೆ ಸಾಹೇಬರು ಕೈಕಟ್ಟಿ, “ಹಿಂದಿನ ಸಾಲಿಗೆ ಕೇಳಿಸಲಿಲ್ಲ” ಎನ್ನುವರು. ಮನೆಗೆ ಬಂದು, ಊಟದ ಮೇಜಿನೆದುರು ಅದನ್ನೇ ಅಭಿನಯಿಸಿ ತೋರಿಸುವರು.

ಬಾಟಲಿ ಅವರದಲ್ಲ. ಹಡಗಿನ ಕೆಲಸದಿಂದ ರಜೆಗೆ ಬಂದ ಹೆಂಡತಿಯ ತಮ್ಮ ತಂದದ್ದು. ಸಾಹೇಬರು ಅದನ್ನು ಅತ್ತೆಯ ಕಣ್ಣೆದುರಿಗೇ ಜಪ್ತಿ ಮಾಡಿ, ಮುಕ್ಕಾಲು ಗಂಟೆ ಭಾಷಣ ಬಿಗಿದು, “ಮೋರಿಗೆ ಸುರೀತೀನಿ!” ಎಂದು ಘೋಷಿಸಿ, ಮೂವತ್ತೈದು ವರ್ಷದ ಗಂಡಸಿನಿಂದ ತಾಯಿಯ ಮೇಲೆ ಆಣೆ ಹಾಕಿಸಿದ್ದರು. ಮೋರಿಗೆ ಹೊರಟ ಬಾಟಲಿ ದಾರಿ ತಪ್ಪಿ ಅಟ್ಟ ಹತ್ತಿತು, ಅಷ್ಟೆ.

ಭಾನುವಾರ ಮಧ್ಯಾಹ್ನ. ಹೆಂಡತಿಗೆ ಜೊಂಪು, ಅತ್ತೆಗೆ ಗೊರಕೆ. ಸಾಹೇಬರು ಬಾಟಲಿ, ಒಂದು ಸ್ಟೀಲ್ ಲೋಟ ಹಿಡಿದು ಬಚ್ಚಲಮನೆ ಸೇರಿ ಚಿಲಕ ಹಾಕಿದರು. ಇದು ಸಾಮಾನ್ಯ ವಿಸ್ಕಿಯಲ್ಲ, ಸಿಂಗಲ್ ಮಾಲ್ಟು. ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತ ಹುಲ್ಲುಬೇರಿನ ಮಣ್ಣನ್ನು ಸುಟ್ಟು, ಆ ಹೊಗೆಯಲ್ಲಿ ಬಾರ್ಲಿ ಒಣಗಿಸಿ ಮಾಡಿದ್ದು. “ಮೊದಲು ಮೂಗಿಗೆ ತೋರಿಸಬೇಕು ಭಾವ, ಆಮೇಲೆ ಹನಿಹನಿಯಾಗಿ ನಾಲಿಗೆಗೆ” ಎಂದು ಆ ಬಡಪಾಯಿ ಹೇಳಲು ಬಂದಿದ್ದ. ಭಾಷಣದ ಭರದಲ್ಲಿ ಸಾಹೇಬರು ಅದನ್ನು ಕೇಳಿಸಿಕೊಂಡಿರಲಿಲ್ಲ. ಔಷಧಿ ಕುಡಿಯುವವರಂತೆ ಒಂದೇ ಗುಟುಕಿಗೆ ಎತ್ತಿದರು.

ಬಾಯೊಳಗೆ ಟಾರು ಹಾಕುವ ಯಂತ್ರ ಹೊಕ್ಕಂತಾಯಿತು. ಅದರ ಹಿಂದೆ ಆಸ್ಪತ್ರೆಯೊಂದು ತನ್ನ ಟಿಂಚರು, ಬ್ಯಾಂಡೇಜು ಸಮೇತ ನುಗ್ಗಿತು. ಕೊನೆಗೆ ಯಾರೋ ರಬ್ಬರ್ ಬೂಟಿಗೆ ಬೆಂಕಿ ಹಚ್ಚಿ ಗಂಟಲಲ್ಲಿ ಬಿಟ್ಟುಹೋದರು. ಕೆಮ್ಮಿದ ರಭಸಕ್ಕೆ ಅರ್ಧ ಮೀಸೆಗೆ, ಅರ್ಧ ಬನಿಯನ್ನಿಗೆ ಅಭಿಷೇಕ. ಘಮಲು ಕಿಟಕಿಯಿಂದ ಹಾರಿ ಮುಂದಿನ ಕೋಣೆಗೆ ಹೋಯಿತು.

“ರೀ! ವೈರು ಸುಡ್ತಿದೆ!”

ಆಮೇಲೆ ನಡೆದದ್ದಕ್ಕೆ ಸಾಹೇಬರು ಹೆಮ್ಮೆಪಡಬೇಕಿತ್ತು. ಒಂದು ನಿಮಿಷದಲ್ಲಿ ಮೈನ್ ಸ್ವಿಚ್ ಆರಿತು. ಎರಡನೆಯ ನಿಮಿಷದಲ್ಲಿ ಅತ್ತೆ ಕುರ್ಚಿಸಮೇತ ನೆರೆಯವರ ಹೆಗಲೇರಿ ಮೆಟ್ಟಿಲಿಳಿದರು. ಮೂರನೆಯದರಲ್ಲಿ ಕಟ್ಟಡದ ಇಪ್ಪತ್ನಾಲ್ಕೂ ಮನೆಯವರು ಅಂಗಳದಲ್ಲಿದ್ದರು. ಸಾಹೇಬರು ಬಾಯಿ ಮುಕ್ಕಳಿಸಿ ಹೊರಬರುವಷ್ಟರಲ್ಲಿ ಎಲೆಕ್ಟ್ರಿಷಿಯನ್ನೂ ಬಂದಿದ್ದ.

ಅವನನ್ನು ಎಲ್ಲರೂ ಮೂಗುಮೇಸ್ತ್ರಿ ಎನ್ನುತ್ತಿದ್ದರು. ಟೆಸ್ಟರ್ ಮುಟ್ಟಿಸುವ ಮೊದಲು ಮೂಸಿಯೇ ದೋಷ ಹಿಡಿಯುವವನು. ಸಾಹೇಬರ ಮನೆಗೆ ಹೊಸ ವೈರಿಂಗ್ ಮಾಡಿ ವಾರವಾಗಿತ್ತಷ್ಟೆ. ಸಾಹೇಬರು ಸೈ ಎಂದರೆ ಉಳಿದ ಇಪ್ಪತ್ತಮೂರು ಮನೆಗಳ ಕೆಲಸವೂ ಅವನಿಗೇ ಎಂದು ಮಾತಾಗಿತ್ತು. ಅದನ್ನು ತೀರ್ಮಾನಿಸುವ ಸಭೆ ಅದೇ ಸಂಜೆ.

“ವಾರಕ್ಕೇ ಸುಟ್ಟುಹೋಗೋ ವೈರು ಹಾಕಿದ್ದೀಯಲ್ಲಪ್ಪ!” ಎಂದಳು ಹೆಂಡತಿ.

“ತಾಳಿ ಅಮ್ಮ, ನೋಡ್ತೀನಿ.” ಮೇಸ್ತ್ರಿ ಮಲಗುವ ಕೋಣೆಗೆ ಹೋಗಿ ಮೂಸಿದ. ಏನೂ ಇಲ್ಲ. ಸಾಹೇಬರು ಮೇಲ್ವಿಚಾರಣೆಗೆಂದು ಹಿಂದೆಯೇ ಬಂದರು. ವಾಸನೆ ಗುಪ್ಪೆಂದಿತು. ಅಡುಗೆಮನೆಯಲ್ಲಿ ಏನೂ ಇಲ್ಲ, ಸಾಹೇಬರು ಬಂದರು, ಗುಪ್ಪೆಂದಿತು. ಒಂದೊಂದೇ ಸ್ವಿಚ್‌ಬೋರ್ಡ್ ಕಳಚಿ ನೆಲದ ಮೇಲಾಯಿತು.

“ಕರೆಂಟೇ ಇಲ್ದೆ ಸುಡೋ ವೈರನ್ನ ನಾನು ಕಂಡಿಲ್ಲ ಸಾರ್,” ಎಂದ ಮೇಸ್ತ್ರಿ. ಕಳಚಿದ ಬೋರ್ಡೊಂದನ್ನು ಎತ್ತಿ ಮತ್ತೆ ಮೂಸಿದ. “ನನ್ನ ಕೈಯಲ್ಲೇ ಏನೋ ಎಡವಟ್ಟಾಗಿದೆ. ಎಲ್ಲಾ ಕಿತ್ತು ಬೇರೆ ಹಾಕ್ಕೊಡ್ತೀನಿ. ಕೆಳಗಿನವರಿಗೂ ನಾನೇ ಹೇಳ್ಬಿಡ್ತೀನಿ, ನಿಮ್ಮ ಮನೆಗಳಿಗೆ ಕೈ ಹಾಕಲ್ಲ ಅಂತ. ಮಕ್ಕಳು ಮರಿ ಇರೋ ಮನೆಗಳು.”

“ಅದೇ ಒಳ್ಳೇದು,” ಎಂದಳು ಹೆಂಡತಿ.

ಸಾಹೇಬರು ಗೋಡೆ ನೋಡಿದರು. ಒಂದೇ ಒಂದು ವಾಕ್ಯ ಸಾಕಿತ್ತು. ತಪ್ಪು ಮಾಡದವನು ತಪ್ಪೊಪ್ಪಿಕೊಳ್ಳುತ್ತಿದ್ದ, ಮಾಡಿದವನು ಮೇಲ್ವಿಚಾರಣೆ ನಡೆಸುತ್ತಿದ್ದ. (ಇದು ಈ ಮನೆಯೊಂದರ ಪದ್ಧತಿ ಎಂದು ನಗುವವರು ನಾಳೆ ತಮ್ಮ ಆಫೀಸಿನಲ್ಲಿ ಒಮ್ಮೆ ಸುತ್ತ ನೋಡಲಿ.) ಮೇಸ್ತ್ರಿ ಚೀಲ ಎತ್ತಿಕೊಂಡು ಬಾಗಿಲ ತನಕ ಹೋದ.

ಆಗ ಸಾಹೇಬರು ಬಾಯಿ ತೆರೆದರು. ತಪ್ಪೊಪ್ಪಿಕೊಳ್ಳಲೋ, ಹೋಗುವವನಿಗೆ ಇನ್ನೊಂದು ಉಪದೇಶ ಹೇಳಿ ಕಳಿಸಲೋ, ಅದು ಅವರಿಗೂ ತಿಳಿಯದು. “ನೋಡು ಮೇಸ್ತ್ರಿ...” ಎಂದರು.

ಮೇಸ್ತ್ರಿಯ ಮೂಗು ಗಕ್ಕನೆ ತಿರುಗಿತು. ಮೂಗಿನ ಹಿಂದೆ ಮೇಸ್ತ್ರಿ ಬಂದ. ಚೀಲ ಕೆಳಗಿಟ್ಟು ಬನಿಯನ್ನಿನಿಂದ ಮೇಲಕ್ಕೆ ಮೂಸುತ್ತ ಹೋಗಿ, ಮೀಸೆಯ ಹತ್ತಿರ ನಿಂತ.

“ಸಾರ್, ಇನ್ನೊಂದ್ಸಲ ಮಾತಾಡಿ.”

ಸಾಹೇಬರು ತುಟಿ ಬಿಗಿಹಿಡಿದು ತಲೆಯಾಡಿಸಿದರು.

“ಅಮ್ಮಾ, ವೈರಿಂಗ್ ಸರಿಯಾಗಿದೆ. ಸುಟ್ಟಿರೋದು ಸಾರ್.”

ಹೆಂಡತಿ ಬಂದು ಮೂಸಿದಳು. ಅಟ್ಟದ ಕೆಳಗಿದ್ದ ಸ್ಟೂಲು ನೋಡಿದಳು. ಬಚ್ಚಲಮನೆಗೆ ಹೋಗಿ, ಬಕೆಟ್ಟಿನ ಹಿಂದಿದ್ದ ಬಾಟಲಿಯನ್ನು ಎರಡು ಬೆರಳಲ್ಲಿ ಎತ್ತಿ ತಂದಳು.

“ಇದೇನ್ರೀ ನೀವು ಮೋರಿಗೆ ಸುರಿದದ್ದು?”

“ಪರೀಕ್ಷೆ... ಸುರಕ್ಷತೆಯ ದೃಷ್ಟಿಯಿಂದ...”

“ಪಾಪ, ಆ ಮನುಷ್ಯ ಅಳೋ ಹಾಗಿದ್ದ. ನಾನೂ ಅವನ ಮೇಲೇ ಹಾರಾಡ್ದೆ. ನೀವು ಗೋಡೆ ನೋಡ್ತಿದ್ರಿ!” ಅವಳು ಬಾಗಿಲ ಹಿಂದಿನ ಹಾಳೆ ಕಿತ್ತು ಕೈಗಿತ್ತಳು. “ಐದು ನಿಯಮ ನಾವು ಮಾಡಿದ್ದಾಯ್ತು. ಆರನೇದು ನಿಮ್ಮ ಪಾಲಿಗಿದೆ. ನಡೀರಿ ಕೆಳಗೆ.”

ಮೇಸ್ತ್ರಿ ತನ್ನದೇ ಸ್ಟೂಲನ್ನು ಅಂಗಳದ ನಡುವೆ ಇಟ್ಟು, ಧೂಳೊರೆಸಿ, “ಹುಷಾರು ಸಾರ್, ಒಂದು ಕಾಲು ಅಲ್ಲಾಡುತ್ತೆ” ಎಂದ. ಇಪ್ಪತ್ತಮೂರು ಮನೆಯವರು ಕತ್ತೆತ್ತಿ ನೋಡಿದರು. ಸಾಹೇಬರು ಹತ್ತಿದರು. ಬದುಕಿನಲ್ಲಿ ಮೊದಲ ಬಾರಿಗೆ ಸ್ಟೂಲು ಎಷ್ಟು ಎತ್ತರ ಎಂಬುದು ಅವರಿಗೆ ತಿಳಿಯಿತು.

“ವೈರಿಂಗ್‌ನಲ್ಲಿ ದೋಷವಿಲ್ಲ,” ಎಂದು ಎದೆಯೊಳಗೇ ಗೊಣಗಿದರು. “ವಾಸನೆ... ನನ್ನದು.”

ಎಲ್ಲರ ಹಿಂದೆ, ಗೋಡೆಗೆ ಆನಿಸಿಟ್ಟ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಅವರು ನಿಧಾನವಾಗಿ ಕೈಕಟ್ಟಿದರು.

“ಹಿಂದಿನ ಸಾಲಿಗೆ ಕೇಳಿಸಲಿಲ್ಲ, ಅಳಿಯಂದ್ರೇ!”